ಹದಿಮೂರು ಮಂದಿಗಾಗಿ ಸಿನಿಮಾ ನೋಡುವ ಸಾತವ್ವ

ಸಾಂಗ್ಲಿ ಪಕ್ಕದ ಹರಿಪುರದ ಬಯಲಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೊನ್ನೆ ಸಂಜೆಯೇ ಬಾಯಿ ತೆರೆದಿಟ್ಟ ಅರಿಶಿನ ಕೂಡಿಟ್ಟ ಹಗೇವಿನೊಳಗೆ ಧರೆಪ್ಪ ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಬಿಡುತ್ತಾನೆ. ನೆಲದೊಳಗೆ ಇಪ್ಪತ್ತೆರಡು ಅಡಿ ಆಳ. ಬಾಯಿ ಒಬ್ಬ ಆಳು ತೂರುವಷ್ಟು, ಹೊಟ್ಟೆ ಮಾತ್ರ ಒಂದು ಮನೆಯಷ್ಟು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಕೂತಿದೆ ಎಂದರ್ಥ. ಇಂದು ಆರುವುದಿಲ್ಲ. ಧರೆಪ್ಪ ಇಳಿಯುತ್ತಾನೆ, ಮೊದಲ ಬುಟ್ಟಿ ಮೇಲೆ ಬರುತ್ತದೆ, ತಗಡಿನ ಚಪ್ಪರದ ಕೆಳಗೆ ಹದಿನಾಲ್ಕು ಹೆಂಗಸರು ಜರಡಿ ಹಿಡಿದು ಕೂರುತ್ತಾರೆ.

ನಡುವೆ ಕೂತವಳು ಸಾತವ್ವ. ವಯಸ್ಸು ಕೇಳಿದರೆ ನಲವತ್ತೆಂಟು ಅನ್ನುತ್ತಾಳೆ, ಮರುಕ್ಷಣ ಐವತ್ತಿದ್ದರೂ ಇರಬಹುದು ಅನ್ನುತ್ತಾಳೆ. ಉಗುರಿನ ಸಂದಿನಿಂದ ಮೊಣಕೈವರೆಗೆ ಹಳದಿ. ಕೊಂಬು ಒಂದು ಕಡೆ, ಗಡ್ಡೆ ಒಂದು ಕಡೆ, ಒಡಕು ಮತ್ತೊಂದು ಕಡೆ. ಕೈ ತಾನಾಗಿ ಆರಿಸುತ್ತದೆ. ಮೂರನೆಯ ಬುಟ್ಟಿ ಬರುವಷ್ಟರಲ್ಲಿ ಎದುರು ಕೂತ ಇಂದುಬಾಯಿಗೆ ತಡೆಯಲಾಗುವುದಿಲ್ಲ. “ಸಾಂಗ್ ಕೀ ಗ, ಕಸಾ ಹೋತಾ ಪಿಚ್ಚರ್?” ಹೇಳಬಾರದೇ, ಹೇಗಿತ್ತು ಪಿಚ್ಚರ್?

“ತಡೀರಿ, ಹೇಳ್ತೇನಿ. ಮೊದಲ ಇಷ್ಟು ತಿಳ್ಕೋರಿ. ಈ ಪಿಚ್ಚರಿನ್ಯಾಗ ದೆವ್ವಿನ ಕೂದಲಾ ಗೋಣಿನಾರಿಂದು. ಹೊಲಿಗಿ ಕಾಣತಿತ್ತು, ನಾ ಕಣ್ಣಾರೆ ನೋಡೇನಿ.”

“ಹಿಂಗ ಮೊದಲ ಹೇಳಿದ್ರ ಮಜಾ ಎಲ್ಲಿ ಉಳೀತು?” ಎಂದು ಒಬ್ಬಳು ಗೊಣಗುತ್ತಾಳೆ. ಸಾತವ್ವ ಹೊಸ ಬುಟ್ಟಿಯನ್ನು ಜರಡಿಗೆ ಸುರಿದುಕೊಳ್ಳುತ್ತಾಳೆ. ಕಥೆ ಶುರು ಮಾಡುತ್ತಾಳೆ.

ಇದು ಹನ್ನೊಂದು ವರ್ಷದಿಂದ ನಡೆದು ಬಂದ ಕ್ರಮ. ಸಹಕಾರಿ ಸಂಘದ ಈ ಹಗೇವುಗಳಲ್ಲಿ ಭಾನುವಾರ ಮಾತ್ರ ರಜೆ. ಅಂದು ಸಾತವ್ವ ಸಾಂಗ್ಲಿಗೆ ನಡೆದು ಹೋಗಿ ಮಧ್ಯಾಹ್ನದ ಆಟ ನೋಡುತ್ತಾಳೆ. ಉಳಿದ ಹದಿಮೂರು ಮಂದಿಗೆ ಕೂಸು, ಅತ್ತೆ, ಒಗೆಯುವ ಬಟ್ಟೆ. ಥಿಯೇಟರಿನ ಮೆಟ್ಟಿಲು ಹತ್ತಿದವರು ಅವರಲ್ಲಿ ಇಬ್ಬರೋ ಮೂವರೋ. ಅವರ ಪಾಲಿನ ಸಿನಿಮಾವನ್ನೂ ಸಾತವ್ವನೇ ನೋಡಿ ಬರಬೇಕು. ಅದಕ್ಕೆ ಬದಲಾಗಿ ಒಬ್ಬಳು ಅವಳ ಮನೆಯ ನೀರು ತುಂಬುತ್ತಾಳೆ, ಇನ್ನೊಬ್ಬಳು ಜೋಳ ಬೀಸಿಸಿ ತರುತ್ತಾಳೆ. ಸೋಮವಾರ ಕಥೆ ಶುರುವಾದರೆ ಶುಕ್ರವಾರಕ್ಕೆ ಮುಗಿಯುತ್ತದೆ. ಶನಿವಾರ ಇಡೀ ದಿನ ಅಭಿಪ್ರಾಯ.

ಆ ಶನಿವಾರಗಳನ್ನು ಕೇಳಬೇಕು. ನೋಡದ ಸಿನಿಮಾದ ಬಗ್ಗೆ ಹದಿಮೂರು ಮಂದಿ ಹೀಗೆ ಜಗಳವಾಡುವುದನ್ನು ಬೇರೆಲ್ಲೂ ಕಾಣಲಾರಿರಿ. ಬಾಗಿಲು ಕಿರುಗುಟ್ಟಿದಾಗಲೇ ಆ ಹುಡುಗಿ ಓಡಬೇಕಿತ್ತು ಎಂದು ಒಬ್ಬಳು. ಓಡಿದ್ದರೆ ಸಿನಿಮಾ ಅಲ್ಲಿಗೇ ಮುಗಿಯುತ್ತಿತ್ತಲ್ಲ ಎಂದು ಇನ್ನೊಬ್ಬಳು. ಸಿನಿಮಾದ ನಿಜವಾದ ಹೆಸರು ಇಲ್ಲಿ ಯಾರಿಗೂ ಬೇಕಿಲ್ಲ. ಮೋಂಬತ್ತಿ ಪಿಚ್ಚರ್, ತಲಿಯಿಲ್ಲದ ದೊರಿ ಪಿಚ್ಚರ್ ಎಂದು ತಾವೇ ಹೆಸರಿಟ್ಟುಕೊಂಡಿದ್ದಾರೆ. ಅಳಿಸುವ ಸಿನಿಮಾ ಬೇಡ, ಹಾಡಿನದೂ ಬೇಡ, ಹೆದರಿಸುವುದೇ ಆಗಬೇಕು. “ಅಳೋದು ಮನ್ಯಾಗ ಐತ್ರಿ,” ಅನ್ನುತ್ತಾಳೆ ಸಾತವ್ವ. “ಹೆದರೋದು ಮಾತ್ರ ಹಿಂಗ ಎಲ್ಲಾರೂ ಕೂಡಿ ಕುಂತು ಹೆದರಬೇಕು.”

ಸಾತವ್ವ ಹುಟ್ಟಿದ್ದು ಗಡಿಯಾಚೆಯ ಇಂಡಿ ಊರಿನ ಕಡೆ. ಗಂಡ ಸತ್ಯಪ್ಪ ಗೌಂಡಿ ಕೆಲಸಕ್ಕೆಂದು ಬಂದವನು. ಆಗ ಇಲ್ಲಿ ದಿನಕ್ಕೊಂದು ಸೊಸೈಟಿಯ ಫಲಕ ಏಳುತ್ತಿತ್ತು: ಸಕ್ಕರೆಗೆ ಒಂದು, ಹಾಲಿಗೆ ಒಂದು, ನೂಲಿಗೆ ಒಂದು. ಗೋಡೌನುಗಳ ಗೋಡೆ ಕಟ್ಟುತ್ತ ಕಟ್ಟುತ್ತ ಗಂಡ ಹೆಂಡತಿ ಇಲ್ಲಿಯೇ ನಿಂತರು. ಸತ್ಯಪ್ಪ ಸಾರುವೆಯಿಂದ ಬಿದ್ದು ಸೊಂಟ ಕಳೆದುಕೊಂಡ ಮೇಲೆ ಸಾತವ್ವನ ಕೈಗೆ ಜರಡಿ ಬಂತು. ಬೆಳಗಿನ ಆರರಿಂದ ಸಂಜೆ ಐದರವರೆಗೆ ಅವಳೊಬ್ಬಳೇ ಆರು ಚೀಲ ಆರಿಸುತ್ತಾಳೆ. ರಾತ್ರಿ ಕೆಮ್ಮಿದರೆ ಸೆರಗಿಗೆ ಹಳದಿ ಬೀಳುತ್ತದೆ. ಇದನ್ನೆಲ್ಲ ಬೇರೆಯವರ ಸುದ್ದಿ ಹೇಳಿದ ಹಾಗೆ ಹೇಳಿ ಮುಗಿಸುತ್ತಾಳೆ. ಅವಳ ದನಿ ಇಳಿಯುವುದು ರುಕ್ಮವ್ವನ ಹೆಸರು ಬಂದಾಗ.

ನಾಲ್ಕು ವರ್ಷದ ಹಿಂದೆ, ಎಂಬತ್ತೈದರ ಬೇಸಿಗೆಯಲ್ಲಿ, ರುಕ್ಮವ್ವ ಈ ಚಪ್ಪರಕ್ಕೆ ಹೊಸಬಳಾಗಿ ಬಂದಳು. ಗಂಡ ತೀರಿಕೊಂಡಿದ್ದ. ಹದಿನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬುಧಗಾಂವದಲ್ಲಿದ್ದ ಅಣ್ಣನ ಮನೆ ಸೇರಿದ್ದಳು. ಮಾತು ಕಡಿಮೆ. ಆದರೆ ಕಥೆ ಕೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. “ನನ್ನ ಮಗ್ಗಲಕ್ಕ ಕುಂದರತಿದ್ಳು,” ಅನ್ನುತ್ತಾಳೆ ಸಾತವ್ವ. “ಹೆದರಿಕಿ ಬಂದ್ರ ನನ್ನ ಸೆರಗ ಹಿಡೀತಿದ್ಳು. ಹೇಳಾಕಿಗೆ ಅಂಥಾಕಿ ಒಬ್ಬಾಕಿ ಸಿಕ್ರ ಸಾಕ್ರಿ, ಮಾತು ತಾನ ಬರ್ತಾವ.”

ಆ ವಾರ ಸಾತವ್ವ ನೋಡಿ ಬಂದದ್ದು ಬಾವಿ ಪಿಚ್ಚರ್. ಹಾಳು ಬಾವಿಯಿಂದ ಎದ್ದ ದೆವ್ವವೊಂದು ಆ ಮನೆಯ ಸೊಸೆಯ ಮೈಯೊಳಗೆ ಸೇರುತ್ತದೆ. ಸೊಸೆ ದೊಪ್ಪನೆ ಬೀಳುತ್ತಾಳೆ, ಕೈಕಾಲು ಸೆಟೆಯುತ್ತವೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತವೆ, ಬಾಯಲ್ಲಿ ನೊರೆ. ಬುಧವಾರ ಸಾತವ್ವ ಇದನ್ನು ಬರೀ ಹೇಳಲಿಲ್ಲ, ಅರಿಶಿನದ ರಾಶಿಯ ಪಕ್ಕದಲ್ಲಿ ಬಿದ್ದು ಮಾಡಿ ತೋರಿಸಿದಳು. ಹೆಂಗಸರು ಕಿರುಚಿದರು, ನಕ್ಕರು, ಇನ್ನೊಮ್ಮೆ ಮಾಡು ಅಂದರು. ಅವಳು ಇನ್ನೊಮ್ಮೆ ಮಾಡಿದಳು.

ಗುರುವಾರ ಬೆಳಿಗ್ಗೆ ಬುಟ್ಟಿ ಇಸಿದುಕೊಳ್ಳಲು ಎದ್ದ ರುಕ್ಮವ್ವ ಹಗೇವಿನ ಬಾಯಿಯ ಹತ್ತಿರವೇ ಬಿದ್ದಳು. ಕೈಕಾಲು ಸೆಟೆದವು. ಕಣ್ಣು ಮೇಲಾದವು. ತುಟಿಯ ಅಂಚಿನಲ್ಲಿ ನೊರೆ ಬಂತು. ಹದಿಮೂರು ಮಂದಿಯೂ ಎದ್ದು ಓಡಿದರು. ಬಾವಿ, ಬಾವಿ ಎಂದು ಯಾರೋ ಕೂಗಿದರು. ಅವಳ ತಲೆ ಹಗೇವಿನ ಅಂಚಿಗೆ ಜಾರುತ್ತಿತ್ತು. ಗದ್ದಲ ಕೇಳಿ ಹಗ್ಗ ಹಿಡಿದು ಮೇಲೆ ಬಂದ ಧರೆಪ್ಪ ತೋಳು ಹಿಡಿದು ಎಳೆಯದಿದ್ದರೆ ಒಳಗೇ ಬೀಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ರುಕ್ಮವ್ವ ಎದ್ದು ಕೂತಳು. ಏನಾಯಿತೆಂದು ಅವಳಿಗೇ ತಿಳಿಯದು. ನೀರು ಕೇಳಿದಳು. ಯಾರೂ ಕೊಡಲಿಲ್ಲ. ಹೆಂಗಸರು ಚಪ್ಪರಕ್ಕೆ ಮರಳಲು ಒಪ್ಪಲಿಲ್ಲ. ಕೂಲಿಗಳ ಮೇಲೆ ನಿಗಾ ಇಡುವ ಸಂಘದ ಮುಕಾದಮ ತಾತ್ಯಾಸಾಹೇಬ ಬಂದ. ಬೈದು ನೋಡಿದ, ಯಾರೂ ಕದಲಲಿಲ್ಲ. ಆಗ ಸಾತವ್ವನ ಕಡೆ ತಿರುಗಿದ.

“ಏನಬೇ ಸಾತವ್ವ, ಇಂಥಾವು ಎಲ್ಲಾ ನೋಡಿದಾಕಿ ನೀನು. ನೀ ಹೇಳು. ಇದು ಅದ ದೆವ್ವಿನ ಆಟ ಏನು?”

ಆ ಕ್ಷಣವನ್ನು ಸಾತವ್ವ ಇವತ್ತಿಗೂ ಅಳಿಸಲಾರಳು. ಎಲ್ಲರ ಕಣ್ಣೂ ತನ್ನ ಮೇಲೆ. ಮುಕಾದಮ ತನ್ನನ್ನು ಕೇಳುತ್ತಿದ್ದಾನೆ. ಕೂಲಿ ಮಾಡುವ ಹೆಂಗಸನ್ನು ಯಾವುದರ ಬಗ್ಗೆಯೂ ಯಾರೂ ಅಭಿಪ್ರಾಯ ಕೇಳಿದ್ದಿಲ್ಲ. “ಗೊತ್ತಿಲ್ರಿ ಅನ್ನಬೇಕಿತ್ತು,” ಅನ್ನುತ್ತಾಳೆ. “ನನಗ ಖರೇನ ಗೊತ್ತಿದ್ದಿಲ್ಲ. ಆದ್ರ ಹಾಂಗ ಕೇಳಿದಾಗ ಗೊತ್ತಿಲ್ಲ ಅನ್ನಾಕ ಮನಸ್ಸು ಬರ್ಲಿಲ್ರಿ. ಅದ ಕಾಣ್ತೈತ್ರಿ ಸಾಹೇಬ್ರ, ಅಂದ್ಬಿಟ್ಟೆ.”

ಅಷ್ಟೇ. ಮಧ್ಯಾಹ್ನದೊಳಗೆ ರುಕ್ಮವ್ವನನ್ನು ಮನೆಗೆ ಕಳಿಸಲಾಯಿತು. ಮರುದಿನ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಹೋಗುವಾಗ ಅವಳು ಸಾತವ್ವನನ್ನು ನೋಡಿದಳು. ಸಾತವ್ವ ಜರಡಿ ನೋಡುತ್ತಿದ್ದಳು. ಶುಕ್ರವಾರ ಕಥೆ ಮುಗಿಯಿತು. ಅಂದು ಎಲ್ಲರೂ ಎಂದಿಗಿಂತ ಹತ್ತಿರ ಬಂದು ಕೂತು ಕೇಳಿದರು ಎನ್ನುವುದನ್ನೂ ಅವಳು ಮುಚ್ಚಿಡುವುದಿಲ್ಲ.

ಮರುವರ್ಷ ದೀಪಾವಳಿ ಕಳೆದ ಮೇಲೆ ನಾದಿನಿಯ ಕಣ್ಣು ತೋರಿಸಲು ಸಾತವ್ವ ಮಿರಜಿಗೆ ಹೋದಳು. ದವಾಖಾನೆಯ ಪಡಸಾಲೆಯಲ್ಲಿ ಎದುರಿನ ಬೆಂಚಿನ ಮೇಲೆ ಇಸ್ತ್ರಿ ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ವಿಶ್ರಾಮಬಾಗದ ಕಡೆಯ ಶಾಲೆಯೊಂದರಲ್ಲಿ ಮಾಸ್ತರಣಿ. ನೋಡನೋಡುತ್ತ ಆ ಹೆಂಗಸು ಕೆಳಗೆ ಬಿದ್ದಳು. ಅದೇ ಸೆಟೆತ, ಅದೇ ಕಣ್ಣು, ಅದೇ ನೊರೆ. ಸಾತವ್ವ ಗೋಡೆಗೆ ಅಂಟಿಕೊಂಡಳು. ನರ್ಸ್ ಬಂದಳು. ಅವಸರವಿಲ್ಲದೆ ಮಾಸ್ತರಣಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮಡಿಚಿದ ಬಟ್ಟೆ ಇಟ್ಟು, ಕೈಗಡಿಯಾರ ನೋಡುತ್ತ ಪಕ್ಕದಲ್ಲಿ ಕೂತಳು. ಕೆಲ ಹೊತ್ತಿಗೆ ಹೆಂಗಸು ಕಣ್ಣು ತೆರೆದಳು. ನರ್ಸ್ ಅವಳ ಸೆರಗು ಸರಿಮಾಡಿದಳು.

“ಮೈಯಾಗ ಬಂದಿತ್ತೇನ್ರಿ?” ಎಂದು ಸಾತವ್ವ ಕೇಳಿದಳು.

“ಮೈಯಾಗ ಏನು ಬರ್ತೈತಿ? ಇದು ಫಿಟ್ಸ್. ರೋಗ. ಗುಳಿಗಿ ಐತಿ,” ಅಂದಳು ನರ್ಸ್. ಹೊರಡುವ ಮುನ್ನ ತಿರುಗಿ, “ಪಿಚ್ಚರ್ ಭಾಳ ನೋಡ್ತೀರೇನು?” ಎಂದು ನಕ್ಕಳು.

ಸಾತವ್ವ ಅಂದೇ ಬಸ್ಸಿಗೆ ತಿರುಗಿ ಬಂದಳು. ಮರುದಿನ ಬೆಳಿಗ್ಗೆ ಚಪ್ಪರದ ನಡುವೆ ನಿಂತು, ತಾನು ಅಂದದ್ದು ಸುಳ್ಳು, ರುಕ್ಮವ್ವನಿಗೆ ಇದ್ದದ್ದು ರೋಗ ಎಂದು ಹೇಳಿದಳು. ಅದು ಅವಳು ಎಣಿಸಿದ ಹಾಗೆ ಆಗಲಿಲ್ಲ. “ಆಗಿದ್ದು ಆತು. ಈಗ ಯಾಕ ಕೆದರತಿ?” ಅಂದ ತಾತ್ಯಾಸಾಹೇಬ. ಇಂದುಬಾಯಿ ಜರಡಿ ಕೆಳಗಿಟ್ಟು, “ನೀನ ಹೇಳಿದ್ದಿ. ನಾವು ನಂಬಿದ್ವಿ,” ಅಂದಳು. ಎರಡು ತಿಂಗಳು ಯಾರೂ ಅವಳನ್ನು ಕಥೆ ಕೇಳಲಿಲ್ಲ. ಅವಳೂ ಥಿಯೇಟರಿನ ಕಡೆ ಹೋಗಲಿಲ್ಲ.

ಆ ಭಾನುವಾರಗಳು ಹುಡುಕಾಟಕ್ಕೆ ಹೋದವು. ಬುಧಗಾಂವದಲ್ಲಿ ಅಣ್ಣನ ಮನೆಗೆ ಬೀಗ. ಕಬ್ಬು ಕಡಿಯಲು ಹೋದರು ಎಂದರು ಕೆಲವರು. ಆಮೇಲೂ ಬಿಡುವಾದಾಗಲೆಲ್ಲ ಹುಡುಕಿದಳು, ಒಂದು ವರ್ಷ ಹಿಡಿಯಿತು. ಕೊನೆಗೆ ಕಸಬೆ ಡಿಗ್ರಜದಲ್ಲಿ, ಹಾಲಿನ ಸೊಸೈಟಿಯ ಹಿಂದೆ ಕ್ಯಾನು ತೊಳೆಯುತ್ತಿದ್ದ ರುಕ್ಮವ್ವ ಸಿಕ್ಕಳು. ಗುರುತು ಹಿಡಿದಳು. ತೊಳೆಯುವುದನ್ನು ನಿಲ್ಲಿಸಲಿಲ್ಲ. ತೋಳಿನ ಮೇಲೆ ಎರಡು ಸುಟ್ಟ ಬರೆ ಇದ್ದವು. ಕೆಲಸ ಹೋದ ವಾರವೇ ಅಣ್ಣ ಅವಳನ್ನು ದೆವ್ವ ಬಿಡಿಸುವವನ ಹತ್ತಿರ ಕರೆದೊಯ್ದಿದ್ದ. ಆಮೇಲೆ ಡೇರಿಯವರೇ ಡಾಕ್ಟರಿಗೆ ತೋರಿಸಿದರಂತೆ. ಗುಳಿಗೆ ನಡೆದಿದೆ. ವರ್ಷದಲ್ಲಿ ಬಿದ್ದದ್ದು ಒಂದೇ ಸಲ.

“ಕಾಲು ಹಿಡೀಲಾ ಅಂದೆ,” ಅನ್ನುತ್ತಾಳೆ ಸಾತವ್ವ. “ಬ್ಯಾಡ, ನೆಲ ಹಸಿ ಐತಿ ಅಂದ್ಳು. ಆಮ್ಯಾಲ ಅಂದ್ಳು, ನನ್ನ ಮೈಯಾಗ ಯಾರೂ ಇಲ್ಲಂತ ನನಗ ಗೊತ್ತಿತ್ತವ್ವ ಸಾತವ್ವ. ನೀ ನನ್ನ ಮಗ್ಗಲಕ್ಕ ಕುಂದರತಿದ್ದಿ. ನಿನಗೂ ಗೊತ್ತಿರಬೇಕಿತ್ತು.”

ಕ್ಯಾನು ಬೋರಲು ಹಾಕಿದ ಮೇಲೆ ರುಕ್ಮವ್ವ ಇನ್ನೊಂದು ಮಾತು ಕೇಳಿದಳು. “ಶುಕ್ರವಾರ ನಾ ಇದ್ದಿದ್ದಿಲ್ಲಲ್ಲ. ಆ ಬಾವಿ ಪಿಚ್ಚರಿನ ಸೊಸಿ ಕಡೀಕ ಏನಾದ್ಳು?”

ಸಿನಿಮಾದಲ್ಲಿ ಊರವರು ದೊಂದಿ ಹಿಡಿದು ಬಂದು ಆ ಸೊಸೆಯನ್ನು ಸುಡುತ್ತಾರೆ. ಥಿಯೇಟರಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸಾತವ್ವನೂ ತಟ್ಟಿದ್ದಳು. “ಆರಾಮಾಗಿ ತವರಿಗೆ ಹೋದ್ಳು,” ಅಂದಳು ಈಗ. ರುಕ್ಮವ್ವ ಅವಳ ಮುಖ ನೋಡಿ, “ಈ ಸಲ ಸುಳ್ಳು ನಿನಗ ಚಲೋ ಬರ್ಲಿಲ್ಲ ನೋಡು,” ಅಂದು ಮುಂದಿನ ಕ್ಯಾನು ಎಳೆದುಕೊಂಡಳು.

ಕೇಳುವವರು ನಿಧಾನವಾಗಿ ಮರಳಿ ಬಂದಿದ್ದಾರೆ. ಸಾತವ್ವ ಮತ್ತೆ ಭಾನುವಾರ ಸಾಂಗ್ಲಿಗೆ ಹೋಗುತ್ತಾಳೆ. ಆದರೆ ಈಗ ನೋಡುವುದೇ ಬೇರೆ. ಗೋಣಿನಾರಿನ ಹೊಲಿಗೆ ನೋಡುತ್ತಾಳೆ, ನೆತ್ತರಿನ ಬಣ್ಣ ಕುಂಕುಮದ್ದೋ ಬೀಟ್‌ರೂಟಿನದ್ದೋ ಎಂದು ನೋಡುತ್ತಾಳೆ, ಸೋಮವಾರ ಅದನ್ನೇ ಮೊದಲು ಹೇಳುತ್ತಾಳೆ. ಶನಿವಾರದ ಅವಳ ತೀರ್ಪು ಕೂಡ ಬದಲಾಗಿದೆ. “ದೆವ್ವ ಆದಾಕಿಗೆ ಏನು ಬ್ಯಾನಿ ಇತ್ತಂತ ಒಬ್ಬರೂ ಕೇಳ್ಲಿಲ್ಲ. ಕೆಟ್ಟ ಪಿಚ್ಚರ್,” ಎಂದು ಮೊನ್ನೆ ಎಲ್ಲರೂ ಮೆಚ್ಚಿದ ಸಿನಿಮಾವನ್ನು ಒಂದೇ ಮಾತಿನಲ್ಲಿ ಕೆಳಗಿಟ್ಟಳು. ಇಂದುಬಾಯಿ ಒಪ್ಪಲಿಲ್ಲ. ವಾದ ಬುಟ್ಟಿ ಬರುವವರೆಗೂ ನಡೆಯಿತು.

ರುಕ್ಮವ್ವ ಈ ಚಪ್ಪರಕ್ಕೆ ಮರಳುವುದಿಲ್ಲ. ಸಾತವ್ವ ಎರಡು ಸಲ ಹೋಗಿ ಕರೆದಿದ್ದಾಳೆ, ತಾತ್ಯಾಸಾಹೇಬನನ್ನೂ ಒಪ್ಪಿಸಿದ್ದಾಳೆ. ಎರಡು ಸಲವೂ ಸಿಕ್ಕಿದ್ದು ಚಹಾ ಮಾತ್ರ, ಹೂಂ ಅನ್ನುವ ಮಾತಲ್ಲ.

ಇನ್ನೇನು ಬೇಕು ನಿನಗೆ ಎಂದರೆ ಅವಳು ಕೈಯಲ್ಲಿದ್ದ ಕೊಂಬನ್ನು ಅದರ ರಾಶಿಗೆ ಹಾಕುತ್ತಾಳೆ. ಆಮೇಲೆ ಹೇಳುತ್ತಾಳೆ: “ರುಕ್ಮವ್ವನ ಮಗಳಿಗೆ ಈಗ ಹದಿನೆಂಟು ತುಂಬೈತ್ರಿ. ಲಗ್ನದ ಮಾತು ನಡದಾವ. ಹುಡುಗನ ಕಡ್ಯಾವ್ರು ತಾಯಿ ಎಂಥಾಕಿ ಅಂತ ವಿಚಾರ ಮಾಡಾಕ ಇಲ್ಲಿಗೆ ಬಂದ ಬರ್ತಾರ. ಬ್ಯಾರೆ ಯಾರ್ನ ಕೇಳ್ಲಿ ಬಿಡ್ಲಿ, ಅವತ್ತು ಮೊದಲ ನನ್ನ ಕೇಳ್ಲಿ. ಅಷ್ಟಾದ್ರ ಸಾಕ್ರಿ.”