ಹದಿನೇಳರ ಮಗ್ಗಿ, ಹುತುತು ಪಂದ್ಯ

ತಲೆಗೆ ಬಿದ್ದ ಪೆಟ್ಟಿಗಿಂತ ಹೆಚ್ಚು ಸಿಟ್ಟು ನನಗೆ ಬಂದದ್ದು ಮಗ್ಗಿಯ ಮೇಲೆ. ಮೂವತ್ತರ ದಶಕದ ಮಾತು. ಯಲ್ಲಾಪುರದ ಹುಡುಗರ ಜೊತೆ ಹುತುತು, ಅಂದರೆ ಈಗಿನ ಕಬಡ್ಡಿ, ಪಂದ್ಯಕ್ಕೆ ಆರೇ ದಿನ ಉಳಿದಿತ್ತು. ಶಿರಸಿಯ ನಮ್ಮ ಶಾಲೆಯ ಬಯಲಿನಲ್ಲಿ ಅಭ್ಯಾಸ ಮಾಡುವಾಗ, ನನ್ನನ್ನು ಹಿಡಿಯಲು ಬಂದವನ ಹಣೆ ನನ್ನ ಹಣೆಗೆ ಬಡಿಯಿತು. ಎದ್ದೆ, ನಕ್ಕೆ, ಎದುರಾಳಿಗಳ ಸಾಲಿಗೇ ಹೋಗಿ ನಿಂತೆ. ಆಮೇಲೆ ಬೇಲಿಯ ಬುಡದಲ್ಲಿ ವಾಂತಿ.

ಆಟ ಕಲಿಸುವ ಮಾಸ್ತರರು ಧಾರವಾಡದ ಕಡೆಯವರು, ಗರಡಿಯಲ್ಲಿ ಬೆಳೆದವರು. ತಲೆಗೆ ಪೆಟ್ಟು ತಿಂದವನು ತಡವರಿಸದೆ ಒಂದು ಮಗ್ಗಿ ಹೇಳುವ ತನಕ ಆಟಕ್ಕಿಲ್ಲ ಎಂಬುದು ಅವರ ಕಾಯಿದೆ. ಮರುದಿನ ಕರೆದರು.

"ತಲಿ ನೋಯ್ತೈತೇನು?"

"ಇಲ್ಲ ಮಾಸ್ತರೇ" ಎಂದು ಸುಳ್ಳು ಹೇಳಿದೆ.

"ಹಂಗಾರ ಹದಿನೇಳರದ್ದು ಹೇಳು."

ಐವತ್ತೊಂದಕ್ಕೇ ನಿಂತಿತು. "ತಲಿ ಇನ್ನೂ ತಿಳಿಯಾಗಿಲ್ಲ, ಕುಂದರು" ಎಂದರು. ತಲೆ ಗಟ್ಟಿಯಿದ್ದಾಗಲೂ ನನ್ನ ಹದಿನೇಳು ಐವತ್ತೊಂದನ್ನು ದಾಟಿದ್ದೇ ಇಲ್ಲ ಎನ್ನಲು ಮರ್ಯಾದೆ ಅಡ್ಡ ಬಂತು.

ಶಾಲೆಯ ಮೆಟ್ಟಿಲು ಹತ್ತದ ನನ್ನ ಹೆತ್ತ ಆಯಿಗೆ, ತನ್ನ ಅಣ್ಣಂದಿರು ಕೂಗಿದ್ದನ್ನು ಕೇಳಿ ಕೇಳಿಯೇ ಮೂವತ್ತರವರೆಗಿನ ಮಗ್ಗಿ ಬಾಯಿಪಾಠ. ದೋಸೆ ಎರೆಯುತ್ತ ಹೇಳಿಕೊಟ್ಟಳು. "ಎಂತದೋ ಇದು, ತಲೆ ಒಡ್ಕಂಡ ಮೇಲೆ ನೀನು ಕಲಿಯಲೆ ಕುಂತಿದ್ದೆ!" ಎಂದು ನಕ್ಕಳು. ಬಿಸಿಲಿಗೆ ಹೋದರೆ ತಲೆ ಸಿಡಿಯುತ್ತದೆ ಎಂದು ಅವಳಿಗೂ ಹೇಳಲಿಲ್ಲ.

ಪಂದ್ಯದ ದಿನ ಚಡ್ಡಿ ಬಿಗಿದು ಮಾಸ್ತರರ ಮುಂದೆ ನಿಂತು, ನೂರ ಎಪ್ಪತ್ತರವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಅಷ್ಟರಲ್ಲಿ ಗಣಿತದ ಮಾಸ್ತರರಿಂದ ನನ್ನ ಜಾತಕವನ್ನೆಲ್ಲ ಕೇಳಿ ತಿಳಿದುಕೊಂಡಿದ್ದರು.

"ನಾಕು ವರ್ಷದಾಗ ಬರಲಾರದ್ದು ನಾಕು ದಿನದಾಗ ಬಂತಂದ್ರ, ತಲ್ಯಾಗ ಏನೋ ಕೆಟ್ಟೈತಿ!"

ಹುಡುಗರೆಲ್ಲ ಹೋ ಎಂದರು. ನಾನೂ ನಕ್ಕೆ. ನಕ್ಕದ್ದೇ ತಪ್ಪಾಯಿತು, ನೋವಿಗೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರು ನೋಡಿಬಿಟ್ಟರು. ಮರದ ನೆರಳಿನಲ್ಲಿ ಪಕ್ಕಕ್ಕೇ ಕೂರಿಸಿಕೊಂಡರು.

ನಾವು ಗೆದ್ದೆವು. ನಾನಿಲ್ಲದೆಯೂ ಗೆದ್ದರಲ್ಲ ಎಂದು ಒಂದು ಗಳಿಗೆ ಹೊಟ್ಟೆ ಉರಿಯಿತು. ಆಮೇಲೆ ಖುಷಿ ತಡೆಯಲಾಗದೆ ಕುಣಿಯಲು ಎದ್ದರೆ, ಮಾಸ್ತರರು ಅಂಗಿಯ ಚುಂಗು ಹಿಡಿದು ಕೂತಿದ್ದರು.

ಹತ್ತು ದಿನ ಕಳೆದ ಮೇಲೆ ನನ್ನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದರು. "ನೋಯ್ತೈತೇನು?"

"ಇಲ್ಲ" ಎಂದೆ. ಈ ಸಲ ನಿಜವನ್ನೇ ಹೇಳಿದ್ದೆ. ನನ್ನ ಕಣ್ಣನ್ನೇ ನೋಡಿ, "ಹೋಗು, ಆಡು" ಎಂದರು.

ಹತ್ತೊಂಬತ್ತರ ಮಗ್ಗಿಯನ್ನೂ ಕಲಿತು ಹೋಗಿದ್ದೆ. ಪುಣ್ಯಾತ್ಮ ಕೇಳಲೇ ಇಲ್ಲ.