ಜೀನುಗಾರನ ಬಾಗಿಲಿಗೆ ಹುಲ್ಲು

ಇಂಗ್ಲೆಂಡಿನ ಥರ್ಲ್‌ಬೆಕ್ ಊರಿಗೆ ಹೊಸದಾಗಿ ಬಂದಾಗ, ಮನೆಯ ಮುಂದಿನ ಬೀದಿಗೆ ಹುಲ್ಲು ಹಾಸಿದ್ದರೆ ಒಳಗೆ ಮದುವೆಯೆಂದು ತಿಳಿದು, ಈ ಕಥೆ ಹೇಳುವವನು ಒಂದು ಬಾಗಿಲು ತಟ್ಟಿ ಶುಭ ಕೋರಿದ್ದುಂಟು. ಒಳಗೆ ಮುದುಕರೊಬ್ಬರು ಕೊನೆಯುಸಿರು ಎಳೆಯುತ್ತಿದ್ದರು. ಗಾಡಿಚಕ್ರದ ಸದ್ದು ರೋಗಿಗೆ ಕೇಳದಿರಲೆಂದು ಹಾಸುವ ಹುಲ್ಲಂತೆ ಅದು. ಹಾಸಿಸುವವರು ಡಾಕ್ಟರ್ ಹೋಸಿಯಾ ಪೆನಕ್. ಈ ಮರ್ಯಾದೆ ಉಳ್ಳವರ ಮನೆಗೆ ಮಾತ್ರ. ಬಡವರು ಗದ್ದಲದಲ್ಲೇ ಸಾಯುವುದು ವಾಡಿಕೆ.

ಪೆನಕ್ ನಿಂತಲ್ಲಿ ನಿಲ್ಲದ ಮನುಷ್ಯ. ಗ್ಯಾಸ್ ದೀಪದ ಕಂಪನಿಯಲ್ಲಿ ಪಾಲುದಾರ, ವಾಚನಾಲಯದ ಅಧ್ಯಕ್ಷ, ಹೂಕೋಸು ಪ್ರದರ್ಶನದ ತೀರ್ಪುಗಾರ. ಒಂದು ಕೈಯಲ್ಲಿ ರೋಗಿಯ ನಾಡಿ, ಇನ್ನೊಂದರಲ್ಲಿ ಗಡಿಯಾರ, ಮನಸ್ಸು ಮುಂದಿನ ಸಭೆಯಲ್ಲಿ. "ನಮ್ ಡಾಕ್ಟ್ರು ಸತ್ರೂ ಅಧ್ಯಕ್ಷರ ಕುರ್ಚೀಲೇ ಸಾಯೋದು" ಎಂದು ಊರು ನಗುತ್ತಿತ್ತು.

ಬಾವಿಯ ಕೊಳಕು ನೀರಿನಿಂದಲೇ ಜ್ವರವೆಂದು ವರ್ಷಗಟ್ಟಲೆ ವಾದಿಸಿ, ಕೊನೆಗೆ ತಾವೇ ಕಂಪನಿ ಕಟ್ಟಿ, ಬೆಟ್ಟದಿಂದ ಕೊಳವೆಯಲ್ಲಿ ನೀರು ತಂದಿದ್ದರು. ಇಂದು ಚೌಕದಲ್ಲಿ ಅದರ ಉದ್ಘಾಟನೆ. ವಾದ್ಯ, ಮೆರವಣಿಗೆ, ಎಲ್ಲಕ್ಕೂ ಮುಂದೆ ತಾವು. ಭಾಷಣವನ್ನು ಹೆಂಡತಿಗೆ ಎಷ್ಟು ಸಲ ಒಪ್ಪಿಸಿದ್ದರೆಂದರೆ, ಅವರು ಎಲ್ಲಿ ತಡವರಿಸಿದರೂ ಆಕೆ ಹೆಣಿಗೆಯಿಂದ ಕಣ್ಣೆತ್ತದೆ ಮುಂದಿನ ಮಾತು ಹೇಳುತ್ತಿದ್ದಳು.

ಅದೇ ಬೆಳಿಗ್ಗೆ ಕುದುರೆಗಳಿಗೆ ಜೀನು ಹೊಲಿಯುವ ಏಮಸ್ ರಡಲ್‌ನ ಮನೆಗೆ ಹೋದರು. ಅವನ ಹೆಂಡತಿ ಕೆಜಾಯಾಗೆ ಅದೇ ಬಾವಿಯ ಜ್ವರ. ಬಡಬಡಿಸಿ ಬಳಲಿ, ಈಗಷ್ಟೇ ಬೆವರಿ ಕಣ್ಣು ಮುಚ್ಚಿದ್ದಳು.

"ಸಂಜೆವರೆಗೂ ನಿದ್ದೆ ಮಾಡಿದ್ರೆ ಉಳ್ಕೋತಾಳೆ" ಎಂದರು ಪೆನಕ್. "ಬೆಚ್ಚಿಬಿದ್ದು ಎದ್ರೆ ನನ್ನ ಕೈಲಿಲ್ಲ."

"ಮೆರವಣಿಗೆ ಇದೇ ಬೀದೀಲಿ ಬರೋದಲ್ವಾ ಸ್ವಾಮಿ?" ಎಂದ ಏಮಸ್. "ಆ ದೊಡ್ಡ ಡೋಲು ನೀವೇ ತರಿಸಿದ್ದಂತೆ."

ಪೆನಕ್ ಕಿಟಕಿಗೂ ಬಾಗಿಲಿಗೂ ಓಡಾಡಿದರು. ಚೌಕಕ್ಕೆ ಬೇರೆ ದಾರಿಯಿಲ್ಲ. ತಮ್ಮ ಲಾಯದ ಹುಲ್ಲನ್ನೆಲ್ಲ ಹೊರಿಸಿ ತಂದು ಜೀನುಗಾರನ ಬಾಗಿಲಿಗೆ ಹಾಸಿಸಿದರು. ಆದರೆ ಹುಲ್ಲು ಚಕ್ರಕ್ಕೆ ಮದ್ದು, ಡೋಲಿಗಲ್ಲ. ಬೆಟ್ಟದಷ್ಟು ಆಸೆಪಟ್ಟ ಆ ಡೋಲನ್ನು ನೆನೆದು ಒಂದು ಗಳಿಗೆ ಆ ಹುಲ್ಲಿನ ಮೇಲೇ ನಿಂತರು. ಆಮೇಲೆ, ಬಿಯರ್ ಭಟ್ಟಿಯ ಒಡೆಯನೂ ಊರಿನ ಮೇಯರೂ ಆದ ಟ್ಯೂಕನ ಬಳಿಗೆ ಬಿರಬಿರನೆ ನಡೆದರು.

"ವಾದ್ಯ ಬೇಡ" ಎಂದರು.

"ಏನ್ರೀ ಪೆನಕ್, ನಿಮ್ಮ ಹಬ್ಬಕ್ಕೆ ನೀವೇ ಕಲ್ಲು ಹಾಕ್ಕೋತೀರಾ? ವಾದ್ಯ ಇಲ್ದೆ ಹೋದ್ರೆ ಹೆಣ ಹೋಗ್ತಿದೆ ಅಂತ ಜನ ಟೋಪಿ ತೆಗೀತಾರೆ."

"ತೆಗೀಲಿ. ಬಾರಿಸಿದ್ರೆ ನಾಳಿದ್ದು ನಿಜವಾಗ್ಲೂ ತೆಗೀಬೇಕಾಗುತ್ತೆ."

ಜನ ಟೋಪಿ ತೆಗೆದೇ ತೆಗೆದರು. ಡೋಲಿನವನು ಕೋಲುಗಳನ್ನು ಕಂಕುಳಲ್ಲಿ ಅವುಚಿಕೊಂಡು ಮುಖ ಊದಿಸಿ ನಡೆದ. ಎಲ್ಲರಿಗೂ ಮುಂದೆ ಪೆನಕ್, ತುದಿಗಾಲಲ್ಲಿ, ಬೊಗಳಲು ಬಾಯಿ ತೆರೆದ ನಾಯಿಯೊಂದನ್ನು ದುರುಗುಟ್ಟಿ ನೋಡುತ್ತ. ಚೌಕವೂ ಆ ಕಿಟಕಿಗೆ ಕೂಗಳತೆಯಲ್ಲೇ ಇತ್ತು. ಜೇಬಿನ ಭಾಷಣವನ್ನು ಎರಡು ಸಲ ಮುಟ್ಟಿ ನೋಡಿಕೊಂಡರು. ಆಮೇಲೆ ಅದನ್ನು ಅಲ್ಲೇ ಬಿಟ್ಟು ನಲ್ಲಿ ತಿರುಗಿಸಿದರು. ನೀರು ಬಂತು. ಚಪ್ಪಾಳೆಗೆ ಎತ್ತಿದ ಕೈಗಳನ್ನೂ ಕಣ್ಣಲ್ಲೇ ಕೆಳಗಿಳಿಸಿದರು.

ಔತಣದಲ್ಲಿ ಕುಳಿತಿರಲಾಗಲಿಲ್ಲ. ಹುರಿದ ಮಾಂಸ ಬರುವ ಮೊದಲೇ ಎದ್ದು ಜೀನುಗಾರನ ಮನೆಗೆ ನಡೆದರು. ಸಂಜೆಯಾಗಿತ್ತು. ಕೆಜಾಯಾಳ ಹಣೆ ತಣ್ಣಗಿತ್ತು. ಉಸಿರು ಸಲೀಸಾಗಿ ಆಡುತ್ತಿತ್ತು. ಏಮಸ್ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದ.

ಹೊರಬಂದರೆ, ಮೇಯರನ ಹೆಂಡತಿ ಗಾಡಿ ನಿಲ್ಲಿಸಿಕೊಂಡು ಬಗ್ಗಿ ನೋಡುತ್ತಿದ್ದಳು.

"ಡಾಕ್ಟ್ರೇ, ಊರಿಗೂರೇ ಬಾಯಿ ಮುಚ್ಕೊಂಡಿತ್ತಲ್ಲ, ಈ ಮನೇಲಿ ಅಷ್ಟು ದೊಡ್ಡೋರು ಯಾರಿದಾರೆ?"

"ನಿದ್ದೆ ಮಾಡ್ತಿರೋರು. ನೀವೂ ಮೆಲ್ಲಗೆ ಮಾತಾಡಿ."