ತೂಕದ ಬೆಲ್ಲ

ರಜಾಕಾರರ ಗದ್ದಲ ಅಡಗಿದ ವರ್ಷ ನನ್ನ ಮೊದಲ ಮಗ ಹುಟ್ಟಿದ. ನಾದಿದ ಹಿಟ್ಟಿನ ಹಾಗೆ ಮೆತ್ತಗಿದ್ದ. ಕುತ್ತಿಗೆ ನಿಲ್ಲಲಿಕ್ಕೇ ವರ್ಷ ಹಿಡಿಯಿತು, ಮಾತು ಬರಲೇ ಇಲ್ಲ. ಇವನ ಬುದ್ಧಿ ಬೆಳೆಯುವುದಿಲ್ಲ ಎಂದು ನನಗೆ ಬೇಗನೆ ತಿಳಿಯಿತು. ಅತ್ತೆ ಮಾತ್ರ ಮಸ್ಕಿ ಗುಡ್ಡದ ಮಲ್ಲಯ್ಯನಿಗೆ ಹರಕೆ ಹೊತ್ತರು. ಹುಡುಗ ನಡೆದರೆ ಅವನ ತೂಕದಷ್ಟು ಬೆಲ್ಲ ಒಪ್ಪಿಸುತ್ತೇವೆ ಎಂದು.

ಐದು ತುಂಬಿದ ಮೇಲೆ ನಡೆದ. ಮೊದಲು ಗೋಡೆ ಹಿಡಿದು, ಆಮೇಲೆ ಕೈ ಬಿಟ್ಟು, ಪಾಮನಕಲ್ಲೂರಿನ ನಮ್ಮ ಓಣಿಯ ತುದಿಯ ಬೇವಿನ ಗಿಡದವರೆಗೆ. ಈಗಲೇ ಹರಕೆ ತೀರಿಸೋಣ ಎಂದೆ. ಜೋಳದ ರಾಶಿ ಮುಗಿಯಲಿ ಎಂದರು ಅತ್ತೆ.

ಕೆಟ್ಟದ್ದೇ ಆ ತಿಂಗಳುಗಳಲ್ಲಿ. ತಕ್ಕಡಿಯಲ್ಲಿ ಮೊಮ್ಮಗ ಹಗುರ ಕಂಡರೆ ಮನೆತನಕ್ಕೆ ಅವಮಾನ ಎಂದು ಅತ್ತೆಯ ತಲೆಯಲ್ಲಿ ಕೂತಿತ್ತು. ರೊಟ್ಟಿಗೆ ಬೆಣ್ಣೆ, ಮಧ್ಯಾಹ್ನ ಸಜ್ಜಕ, ನಡುನಡುವೆ ಬೆಲ್ಲ, ಪುಟಾಣಿ. ಸಾಕು ಅನ್ನುವುದು ಆ ಹುಡುಗನಿಗೆ ಗೊತ್ತಿರಲಿಲ್ಲ. ಕೊಟ್ಟಷ್ಟೂ ತಿನ್ನುತ್ತಿದ್ದ, ಕೊಡದಿದ್ದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ಓಣಿಯ ಹೆಂಗಸರೂ ದೇವರ ಕೂಸು ಎಂದು ಉಡಿಯಿಂದ ಏನಾದರೂ ತೆಗೆದು ಬಾಯಿಗಿಡುತ್ತಿದ್ದರು.

"ಅತ್ತಿ, ಬ್ಯಾಡ್ರಿ. ಬೇವಿನ ಗಿಡದ ತನಕ ಹೋಗ್ತಿದ್ದ ಹುಡುಗ ಈಗ ಕಟ್ಟಿ ಇಳಿಯವಲ್ಲ."

"ನೀ ಹಡದಾಕಿ ಹೌದೊ ಅಲ್ಲೊ? ತಿನ್ನೊ ಕೂಸಿಗೆ ದೃಷ್ಟಿ ಹಚ್ಚಬ್ಯಾಡ."

"ದೃಷ್ಟಿ ಇರ್ಲಿ, ಅವನ ಉಸುರು ಕೇಳ್ರಿ. ಕಮ್ಮಾರನ ತಿದಿ ಆಗೇತಿ."

ಅತ್ತೆ ನನ್ನ ಗಂಡನ ಕಡೆ ತಿರುಗಿದರು. "ನೋಡಪಾ, ನಿನ್ನ ಹೇಂತಿ ದೊಡ್ಡ ಹಕೀಮ ಆಗ್ಯಾಳ."

ಗಂಡ ನಕ್ಕು ಎದ್ದು ಹೋದರು.

ರಾಶಿ ಮುಗಿದ ಮೇಲೆ ಬಂಡಿ ಕಟ್ಟಿಕೊಂಡು ಮಸ್ಕಿಗೆ ಹೋದೆವು. ಹುಡುಗ ಗುಡ್ಡದ ಮೊದಲ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ. ಗಂಡ ಬೆನ್ನ ಮೇಲೆ ಹೊತ್ತು, ನಿಂತು ನಿಂತು ಹತ್ತಿದರು. ಗುಡಿಯಲ್ಲಿ ತಕ್ಕಡಿಯ ಒಂದು ತಟ್ಟೆಗೆ ಅವನನ್ನು ಕೂರಿಸಿ, ಇನ್ನೊಂದಕ್ಕೆ ಬೆಲ್ಲದ ಪೆಂಟೆ ಒಟ್ಟಿದರೆ, ತಂದದ್ದು ಸಾಲಲೇ ಇಲ್ಲ. ಕೆಳಗಿನಿಂದ ಇನ್ನಷ್ಟು ತರಿಸಬೇಕಾಯಿತು. ಅತ್ತೆಯ ಮುಖ ಅರಳಿತ್ತು.

ಪೂಜಾರಿ ಕೇಳಿದ, "ಹರಕಿ ಏನಂತ ಹೊತ್ತಿದ್ರವಾ?"

"ಕೂಸು ನಡದ್ರ ಕೊಡ್ತೀವಂತ್ರಿ," ಎಂದರು ಅತ್ತೆ.

"ಹಂಗಾರ ಇಳಸ್ರಿ. ಮಲ್ಲಯ್ಯಗ ಎರಡು ಹೆಜ್ಜಿ ತೋರಸ್ಲಿ."

ಇಳಿಸಿದರು. ಹುಡುಗ ತಕ್ಕಡಿಯ ಸರಪಳಿ ಹಿಡಿದು ಏದುತ್ತಾ ಕೂತ. ಏಳಲಿಲ್ಲ. ಬೆಲ್ಲದ ಕಡೆ ಕೈ ಚಾಚಿದ. ಅತ್ತೆ ಒಂದು ತುಂಡು ಮುರಿದು ಅವನ ಬಾಯಿಗಿಡಲು ಬಗ್ಗಿದರು. ನಾನು ಅವರ ಮುಂಗೈ ಹಿಡಿದೆ.

"ಕೊಡ್ರಿ ಇಲ್ಲಿ."

ತುಂಡು ಕಿತ್ತುಕೊಂಡು ಬಾಗಿಲ ಹತ್ತಿರ ಹೋಗಿ ನಿಂತೆ. ಹುಡುಗ ಚೀರಿದ, ನೆಲಕ್ಕೆ ತಲೆ ಬಡಿದುಕೊಂಡ. "ಇದೆಂಥಾ ತಾಯಿ ಬೇ" ಎಂದಳು ಯಾರೋ. ನಾನು ಕದಲಲಿಲ್ಲ. ಕೊನೆಗೆ ಬಂದ, ಅಂಬೆಗಾಲಿನಲ್ಲಿ, ನಡಿಗೆ ಬರುವ ಮೊದಲಿನ ಹಾಗೆ. ಉಗುರಿನಷ್ಟು ಬೆಲ್ಲ ಬಾಯಿಗಿಟ್ಟೆ. ಉಳಿದದ್ದನ್ನು ಹಿಡಿದುಕೊಂಡು ಇನ್ನೊಂದು ಮಾರು ಹಿಂದೆ ಸರಿದು ನಿಂತೆ.